ತೋಳಿಗೆ ಕಟ್ಟಿದ ಅರಿಷಿಣ ಕೊಂಬು

ಯಮುನವ್ವನ ಎಡತೋಳಿನಲ್ಲಿ ಕರಿ ಉಣ್ಣೆಯ ದಾರಕ್ಕೆ ಕಟ್ಟಿದ ಅರಿಷಿಣ ಕೊಂಬು ಒಂದಿದೆ. ನಮ್ಮ ಮಗ್ಗದ ಶೆಡ್ಡಿಗೆ ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರು ಅದನ್ನು ನೋಡಿ ಪಿಸುಪಿಸು ಶುರು ಮಾಡುತ್ತಾರೆ. ಹಣೆ ಬರಿದು, ಕೈ ಬರಿದು, ತೋಳಿಗೆ ಮಾತ್ರ ಮುತ್ತೈದೆಯ ಕೊಂಬು ಯಾಕೆ? ಅವಳನ್ನು ಕೇಳಿದರೆ ತಲೆ ಬಗ್ಗಿಸಿ ಲಾಳಿಯ ಕಂಡಿಗೆ ನೂಲು ಸುತ್ತುತ್ತಾಳೆ. ಉತ್ತರ ಕೊಡುವವಳು ಪಕ್ಕದಲ್ಲಿ ಕೂತ ನಾನು. ಬಾಳಕ್ಕನ ಬಾಯಿಗೆ ಬೀಗವಿಲ್ಲ ಎಂದು ಇಚಲಕರಂಜಿಯ ನಮ್ಮ ಗಲ್ಲಿಯಲ್ಲೆಲ್ಲ ಹೆಸರಾಗಿದೆ. ಆಗಲಿ ಬಿಡಿ, ನಾನೇನು ಬೇಜಾರು ಮಾಡಿಕೊಂಡಿಲ್ಲ.

ನಾನು ಅಕಿವಾಟದ ಒಕ್ಕಲುತನದ ಮನೆಯವಳು, ಲಿಂಗವಂತರು. ಅವಳು ಗಡಹಿಂಗ್ಲಜ ಕಡೆಯ ಕುರುಬರ ಹೆಣ್ಣು. ಇಬ್ಬರೂ ಮದುವೆಯಾಗಿ ಇಚಲಕರಂಜಿಗೆ ಬಂದು ಒಂದೇ ಗಲ್ಲಿಗೆ ಬಿದ್ದೆವು, ಒಂದೇ ಶೆಡ್ಡಿನಲ್ಲಿ ಕೂತೆವು. ಅವಳಂಥ ಅಂಜುಬುರುಕಿಯನ್ನು ನಾನು ಕಂಡಿಲ್ಲ. ಮೊದಲ ದಿನ ಮಗ್ಗಗಳು ಒಟ್ಟಿಗೆ ಶುರುವಾದಾಗ ಆ ಸದ್ದಿಗೆ ಕಿವಿ ಮುಚ್ಚಿಕೊಂಡು ರಸ್ತೆಗೇ ಓಡಿಹೋಗಿದ್ದಳು. ಹಲ್ಲಿ ಲೊಚಗುಟ್ಟಿದರೆ ಕೈ ನಿಲ್ಲಿಸುವಳು, ಯಾರಾದರೂ ಒಂಟಿ ಸೀನು ಸೀನಿದರೆ ಹೊಸ್ತಿಲು ದಾಟುತ್ತಿರಲಿಲ್ಲ. "ಏ ಯಮುನಿ, ನಿನ್ನ ಹೆದರಿಕಿ ನೋಡಿ ಆ ಹಲ್ಲೀನೂ ಹೆದರತೈತಿ ನೋಡ" ಎಂದು ನಾನು ರೇಗಿಸುತ್ತಿದ್ದೆ.

ಅವಳ ಹೆದರಿಕೆಗೆಲ್ಲ ಮೂಲ ಗಂಡ ಮಲ್ಲಾರಿ. ಗಂಡ ಕೆಟ್ಟವನೆಂದಲ್ಲ. ಎತ್ತರದ ಆಳು, ನಕ್ಕರೆ ಗಲ್ಲಿಯ ಆ ತುದಿಗೆ ಕೇಳುತ್ತಿತ್ತು. ಆದರೆ ದೀಪಾವಳಿ ಮುಗಿದದ್ದೇ ಕುರಿ ಹೊಡೆದುಕೊಂಡು ಗಡಹಿಂಗ್ಲಜ ಕಡೆ ಹೋದರೆ, ಊರೂರಿನ ಹೊಲದಲ್ಲಿ ಗೊಬ್ಬರಕ್ಕೆ ಕುರಿ ಕೂರಿಸುತ್ತ ಮಳೆಗಾಲಕ್ಕೇ ಮನೆಗೆ ಬರುವವನು. ನಡುವೆ ಪತ್ತೆಯೇ ಇಲ್ಲ. ಸಂತೆಗೆ ಬಂದವರು ಯಾರೋ "ನಿಮ್ಮಾಂವ ಅಲ್ಲಿ ಕಂಡ" ಎಂದರೆ ಅದೇ ಸುದ್ದಿ. ಕುರಿಯ ಹಿಂದೆ ಹೋದವರಲ್ಲಿ ಹಾವು ಕಚ್ಚಿ ಸತ್ತವರಿದ್ದಾರೆ, ತೋಳನ ಬೆನ್ನು ಹತ್ತಿ ಕಾಲು ಮುರಿದುಕೊಂಡವರಿದ್ದಾರೆ.

ಅದಕ್ಕೇ ಅವರ ಮನೆಯಲ್ಲೊಂದು ಕಟ್ಟಳೆ. ಗಂಡ ಕುರಿಯ ಹಿಂದೆ ಹೋದಮೇಲೆ ಅವನು ತಿರುಗಿ ಬರುವವರೆಗೆ ಹೆಂಡತಿ ಕೈಯ ಹಸಿರು ಬಳೆ ಇಳಿಸುವಂತಿಲ್ಲ. ಎಲ್ಲಿಯೋ ತಾಗಿ ಒಡೆದರೆ, ಹೊಸ ಬಳೆ ತೊಡುವವರೆಗೆ ಕೈ ಬರಿದಾಗಿ ಇರಬಾರದೆಂದು ಕಂಬಳಿಯ ದಾರಕ್ಕೆ ಅರಿಷಿಣ ಕೊಂಬು ಕಟ್ಟಿಕೊಳ್ಳಬೇಕು. ಗಂಡ ಬದುಕಿದ್ದಾನೆ ಎನ್ನುವುದಕ್ಕೆ ಆ ಕೊಂಬೇ ಗುರುತು. ಅವನು ಸತ್ತ ಮೇಲೆ ಬಳೆಯೂ ಇಲ್ಲ, ಕೊಂಬೂ ಇಲ್ಲ. ಇದನ್ನೆಲ್ಲ ನೋಡಿಕೊಳ್ಳುವವನು ಅವಳ ಮಾವ ಧೋಂಡಿಬಾ. ಕಂಬಳಿ ನೇಯುವ ಮುದುಕ, ಅವರ ಜನದಲ್ಲಿ ಹಿರಿಯ, ಮಾತು ಕಡಿಮೆ, ಸಿಟ್ಟು ಜಾಸ್ತಿ. ಸುತ್ತಲಿನ ಊರುಗಳಲ್ಲಿ ಕುರುಬರ ಜಗಳವೆಲ್ಲ ಅವನ ಮುಂದೆಯೇ ತೀರುತ್ತಿತ್ತು. ಯಮುನವ್ವ ಅವನೆದುರು ತಲೆಯ ಸೆರಗು ಸರಿಸಿದವಳಲ್ಲ.

ಎಪ್ಪತ್ತೆಂಟರಲ್ಲಿ ನಮ್ಮ ಶೆಡ್ಡಿನ ದಿವಾಣಜಿ ಶ್ರೀಪಾಲ ಒಂದು ಸುದ್ದಿ ತಂದ. ಶ್ರೀಪಾಲ ಲೆಕ್ಕ ಬರೆಯುವುದಕ್ಕಿಂತ ಪಿಚ್ಚರಿನ ಹಾಡು ಗುನುಗುವುದೇ ಹೆಚ್ಚು. ಕೊಲ್ಹಾಪುರದ ಪಿಚ್ಚರಿನವರ ಗುರುತು ಇದೆ ಎಂದು ಜಂಬ ಬೇರೆ. "ಅರ್ಧಾ ತಾಸಿನ ಪಿಚ್ಚರ ಐತಿ, ಸಂಸ್ಥಾನದ ಕಾಲದ ಕಥಿ. ಕುರುಬರ ಹೆಣ್ಣಮಕ್ಕಳ ಬೇಕಾಗ್ಯಾರ. ಕಂಬಳಿ ಹೊತಗೊಂಡ ಗುಂಪಿನಾಗ ನಿಂತರ ಸಾಕ. ಬಾಳಕ್ಕ, ನೀವೂ ಬರ್ರಿ, ನಿಮ್ಮ ಸಮಾಜದವರೂ ಬೇಕು" ಎಂದ.

ಆಮೇಲೆ ಅವನೇ ವಿವರ ಹೇಳಿದ. ಪಿಚ್ಚರಿಗೆ ಮುಂಬಯಿಯ ಒಂದು ಸಂಸ್ಥೆಯ ಹಣ. ಹಳೇ ಕಾಲದಲ್ಲಿ ಈ ನಾಡಿನಲ್ಲಿ ಎಷ್ಟು ತರದ ಜನ ಕೂಡಿ ಬಾಳಿದರು ಎಂದು ಊರೂರಲ್ಲಿ ತೋರಿಸುವುದಕ್ಕಂತೆ. ಅದಕ್ಕೆ ಅವರದೊಂದು ಷರತ್ತು: ಯಾವ ಜನದ ಪಾತ್ರವೋ ಆ ಜನದವರೇ ಮಾಡಬೇಕು, ಪಿಚ್ಚರ ಮುಗಿದ ಮೇಲೆ ಪ್ರತಿ ಸಮಾಜದ ಹಿರಿಯರೊಬ್ಬರು ಕೂತು ನೋಡಿ ತಮ್ಮವರನ್ನು ಸರಿಯಾಗಿ ತೋರಿಸಿದ್ದಾರೋ ಇಲ್ಲವೋ ಹೇಳಬೇಕು. ತಪ್ಪು ಎಂದರೆ ಆ ಭಾಗ ತೆಗೆದುಹಾಕುತ್ತಾರೆ. ಕೇಳಿ ನನಗೆ ನಗು ಬಂತು. ನಮ್ಮನ್ನು ಯಾರು ಯಾವಾಗ ಕೇಳಿದ್ದಾರೆ, ಸರಿಯೋ ತಪ್ಪೋ ಎಂದು?

ಯಮುನವ್ವ ಮಾವನಿಗೆ "ಗುಂಪಿನಾಗ ನಿಂದರೂದು ಅಷ್ಟರೀ, ಬಾಳಕ್ಕನೂ ಬರಾಕತ್ತಾಳ" ಎಂದು ಹೇಳಿ ಒಪ್ಪಿಗೆ ಪಡೆದಳು. ಅವನು ಹೂಂ ಅಂದದ್ದೇ ದೊಡ್ಡದು.

ಶೂಟಿಂಗ್ ಕೊಲ್ಹಾಪುರದ ಆಚೆ ಒಂದು ಹಳೇ ವಾಡೆಯಲ್ಲಿ. ನಾವು ಹೋದಾಗ ಮದುವೆಯ ದೃಶ್ಯ ನಡೆದಿತ್ತು. ತಾಟಿನಲ್ಲಿ ಅಕ್ಷತೆ, ಕುಂಕುಮ, ಅರಿಷಿಣ ಕೊಂಬು ಎಲ್ಲ ಇಟ್ಟಿದ್ದರು. ಪಿಚ್ಚರ ಮಾಡುವ ದಾದಾಸಾಹೇಬ ಬಿಸಿಲಿನಲ್ಲಿ ಟೋಪಿ ಹಾಕಿಕೊಂಡು ಎಲ್ಲರ ಮೇಲೂ ಕೂಗಾಡುತ್ತಿದ್ದ. ಅವನಿಗೊಂದು ತಾಪತ್ರಯ ಬಂದಿತ್ತು. ಕುರುಬನ ಹೆಂಡತಿಯ ಪಾತ್ರಕ್ಕೆ ಪೇಟೆಯ ನಟಿಯೊಬ್ಬಳು ಬಂದಿದ್ದಳು, ಮುಂಬಯಿಯವರು ಅವಳು ನಡೆಯದು ಎಂದುಬಿಟ್ಟಿದ್ದರು. ದಾದಾಸಾಹೇಬ ಸಾಲಾಗಿ ನಿಂತ ಹೆಂಗಸರ ಮುಂದೆ ನಡೆಯುತ್ತ ಬಂದ, ಯಮುನವ್ವನ ಮುಂದೆ ನಿಂತ. "ಹೀಚ," ಎಂದ. ಇವಳೇ ಎಂದು.

ಅಲ್ಲಿದ್ದವರೆಲ್ಲ ಅವಳನ್ನೇ ನೋಡಿದರು. ಅವಳ ಬಾಯಿಂದ ಬೇಡ ಎನ್ನುವ ಮಾತು ಹೊರಡಲೇ ಇಲ್ಲ. ಹೆದರಿದವರು ಓಡಿಹೋಗುತ್ತಾರೆ ಎಂದು ನೀವು ತಿಳಿದಿರಬಹುದು. ಹೆದರಿದವರು ಹೂಂ ಎಂದುಬಿಡುತ್ತಾರೆ, ನಾನು ಕಣ್ಣಾರೆ ಕಂಡಿದ್ದೇನೆ.

ಏನು ಮಾಡಬೇಕೆಂದು ಆಮೇಲೆ ಹೇಳಿದರು. ಕಥೆಯಲ್ಲಿ ಸಂಸ್ಥಾನದ ಸಿಪಾಯಿಗಳು ಕರ ಕೊಡಲಿಲ್ಲವೆಂದು ಕುರಿ ಹೊಡೆದುಕೊಂಡು ಹೋಗುತ್ತಾರೆ, ಅಡ್ಡ ಬಂದ ಕುರುಬನನ್ನು ಕೊಲ್ಲುತ್ತಾರೆ. ಅವನ ಹೆಂಡತಿಯನ್ನು ನಡುವೆ ಕೂರಿಸಿ ಮುದುಕಿಯರು ಬಳೆ ಒಡೆಯುತ್ತಾರೆ. ಕ್ಯಾಮರಾ ಅವಳ ಕೈ ಮೇಲೆ.

ಯಮುನವ್ವ ನನ್ನ ಸೆರಗು ಹಿಡಿದು ಗೋಡೆಯ ಹಿಂದೆ ಎಳೆದುಕೊಂಡು ಹೋದಳು. "ಅಕ್ಕಾ, ಅವ್ರು ಗಡಹಿಂಗ್ಲಜದಾಗ ಅದಾರ. ಇಲ್ಲಿ ನನ್ನ ಬಳಿ ಒಡದರ ಅಲ್ಲಿ ಅವ್ರಿಗೆ ಏನಾರ ಆದೀತ."

"ಹೋಗಿ ಬ್ಯಾಡ ಅಂತ ಹೇಳಬಾರದ? ನಾ ಹೇಳತೇನಿ ತಡಿ."

"ಬ್ಯಾಡ ಅಕ್ಕಾ, ಬೈತಾರ. ಆಗಳೇ ಹೂಂ ಅಂದೇನಿ."

ನನಗೆ ತಲೆ ಕೆಟ್ಟುಹೋಯಿತು. ಅತ್ತ ದಾದಾಸಾಹೇಬ ಕೂಗುತ್ತಿದ್ದಾನೆ, ಇತ್ತ ಇವಳು ನನ್ನ ಸೆರಗು ಬಿಡುತ್ತಿಲ್ಲ. ನಾನು ಹೋಗಿ ಬಳೆ ತುಂಬಿದ್ದ ಡಬ್ಬಿಯನ್ನೇ ಕೇಳಿ ತಂದೆ, ಒಡೆಯುವುದಕ್ಕೆ ಅವರದೇ ಬಳೆ ಇದ್ದವು. ಅವಳ ಹಸಿರು ಬಳೆಗಳನ್ನು ಸಾಬೂನು ಹಚ್ಚಿ ಒಂದೊಂದಾಗಿ ಇಳಿಸಿ ನನ್ನ ಸಂಚಿಯಲ್ಲಿ ಹಾಕಿಕೊಂಡೆ. ಕೊನೆಯ ಬಳೆ ಇಳಿಯುವ ಮೊದಲೇ ಮದುವೆಯ ತಾಟಿನಿಂದ ಒಂದು ಅರಿಷಿಣ ಕೊಂಬು ಎಗರಿಸಿ ತಂದಿದ್ದೆ. ಅವಳು ತನ್ನ ಕಂಬಳಿಯ ಅಂಚಿನಿಂದ ದಾರ ಎಳೆದುಕೊಟ್ಟಳು. ಕುಪ್ಪಸದ ತೋಳಿನ ಒಳಗೆ ಯಾರಿಗೂ ಕಾಣದಂತೆ ಕಟ್ಟಿದೆ. ಆಮೇಲೆ ಅವರ ಬಳೆ ತೊಡಿಸಿದೆ. "ಈಗ ನಿನ್ನ ಗಂಡ ಗಟ್ಟಿ ಅದಾನ, ಹೋಗು" ಎಂದೆ.

ಮುದುಕಿಯರ ಪಾತ್ರದವರು ಅವಳ ಕೈ ಹಿಡಿದು ಕಲ್ಲಿಗೆ ಬಡಿದಾಗ ಅವಳು ಕಿರುಚಿದಳು ನೋಡಿ, ನನ್ನ ಜೀವ ಬಾಯಿಗೆ ಬಂತು. ಅದು ಅಭಿನಯವೇ ಅಲ್ಲ. ದಾದಾಸಾಹೇಬ ಮಾತ್ರ ಕುಣಿದಾಡಿಬಿಟ್ಟ.

ಮುಗಿದ ಮೇಲೆ ಗೋಡೆಯ ಹಿಂದೆ ಅವಳ ಬಳೆಗಳನ್ನು ತಿರುಗಿ ಏರಿಸಿದೆ. ಕಲ್ಲಿಗೆ ಬಡಿದ ಕೈ ಊದಿತ್ತು, ಕೊನೆಯ ಬಳೆ ಮುಂಗೈಯ ಗಂಟಿಗೆ ಸಿಕ್ಕಿ ಟಕ್ಕೆಂದು ಒಡೆಯಿತು. ಅವರ ಬಳೆಯಲ್ಲ, ಅವಳದು, ಮಲ್ಲಾರಿ ಹೋಗುವಾಗ ತೊಡಿಸಿದ್ದು. ಯಮುನವ್ವ ಅಳಲಿಲ್ಲ. ನೆಲದಲ್ಲಿ ಬಿದ್ದ ಹಸಿರು ಚೂರನ್ನು ಒಂದೊಂದಾಗಿ ಆಯ್ದು ಸೆರಗಿನ ತುದಿಗೆ ಕಟ್ಟಿಕೊಂಡಳು. ಅವಳು ಅತ್ತಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅಲ್ಲಿಂದ ಮುಂದೆ ಅವಳ ಪಾಲಿಗೆ ಊಟ ನಿದ್ದೆ ಎರಡೂ ಹೋದವು. ಸಂಜೆ ಶೆಡ್ಡು ಬಿಟ್ಟದ್ದೇ ಬಸ್ಸು ನಿಲ್ಲುವಲ್ಲಿ ಹೋಗಿ ನಿಲ್ಲುವಳು. ಗಡಹಿಂಗ್ಲಜದ ಬಸ್ಸಿನಿಂದ ಇಳಿದವರನ್ನೆಲ್ಲ ಕೇಳುವಳು. ಒಬ್ಬ ಕುರಿ ವ್ಯಾಪಾರಿ, "ಆ ಕಡೆ ಕುರಿಗಿ ಬ್ಯಾನಿ ಬಂದೈತಿ, ಒಂದಿಬ್ಬರು ಕುರುಬರೂ ಬಿದ್ದಾರಂತ" ಎಂದು ಹೇಳಿ ಹೋದ. ಬಿದ್ದಾರ ಎಂದರೆ ಏನು? ಜ್ವರವೋ, ಸಾವೋ? ಆ ಮೂಳ ಅದನ್ನೂ ಹೇಳದೆ ಎಲೆ ಅಡಿಕೆ ಹಾಕಿಕೊಂಡು ಬಸ್ಸು ಹತ್ತಿದ. ನನಗೆ ಅವನನ್ನು ಎಳೆದು ಕೆಳಗಿಳಿಸಬೇಕೆನಿಸಿತು. ಯಮುನವ್ವ ಅವತ್ತಿನಿಂದ ಕೊಂಬು ಬಿಚ್ಚಲಿಲ್ಲ. ಹೊಸ ಬಳೆ ತೊಟ್ಟ ಮೇಲೂ ಬಿಚ್ಚಲಿಲ್ಲ. ಕುಪ್ಪಸದ ಒಳಗೆ ಮಾವನಿಗೆ ಕಾಣದಂತೆ ಇಟ್ಟುಕೊಂಡಳು.

"ಮಾವಾರಿಗೆ ಗೊತ್ತಾದರ ನನ್ನ ಮನಿಯಾಗ ಇಟಗೊಳ್ಳಂಗಿಲ್ಲ ಅಕ್ಕಾ. ಮಗಾ ಊರಾಗ ಇಲ್ಲದಾಗ ಸೊಸಿ ಬಳಿ ಒಡಿಸಿಕೊಂಡಾಳ ಅಂದರ ಯಾವ ಮಾವ ಸುಮ್ಮನ ಕುಂದರತಾನ? ಅದರಾಗ ಅವ್ರಿಗೆ ಏನಾರ ಆಗಿದ್ದರ..." ಮಾತು ಮುಂದೆ ಹೋಗುತ್ತಿರಲಿಲ್ಲ.

ಬೇಸಿಗೆ ಹತ್ತಿರವಾದಾಗ ಶ್ರೀಪಾಲ ಹಲ್ಲು ಕಿರಿಯುತ್ತ ಬಂದ. ಪಿಚ್ಚರ ಮುಗಿದಿದೆ, ಎಲ್ಲ ಸಮಾಜದ ಹಿರಿಯರನ್ನೂ ನೋಡುವುದಕ್ಕೆ ಕರೆದಿದ್ದಾರೆ ಎಂದ. ಕುರುಬರ ಕಡೆಯಿಂದ ಯಾರು? ಧೋಂಡಿಬಾ.

ಯಮುನವ್ವನ ಕೈಯಲ್ಲಿದ್ದ ಕಂಡಿ ಕೆಳಗೆ ಬಿತ್ತು.

ಹೋಗಬೇಡಿ ಎಂದು ಮಾವನಿಗೆ ಹೇಳುವಂತಿಲ್ಲ. ಹೇಳಿದರೆ ಯಾಕೆ ಎನ್ನುತ್ತಾನೆ. ಅದರ ಮೇಲೆ ಮುದುಕ ಅವಳನ್ನೇ ಕರೆದ: "ನೀನೂ ಬಾ. ಆ ಮಂದಿ ನಿನಗ ಗೊತ್ತದಾರ." ಅವಳು ನನ್ನ ಮುಖ ನೋಡಿದಳು. ನಾನೂ ಹೊರಟೆ. ಬಸ್ಸಿನಲ್ಲಿ ಸಂತೆಗೆ ಹೋಗುವವರ ಬುಟ್ಟಿಗಳ ನಡುವೆ ನಾವಿಬ್ಬರೂ ಒತ್ತಿಕೊಂಡು ಕೂತಿದ್ದೆವು, ಮುಂದಿನ ಸೀಟಿನಲ್ಲಿ ಧೋಂಡಿಬಾನ ಕೆಂಪು ರುಮಾಲು. ದಾರಿಯುದ್ದಕ್ಕೂ ಅವಳು ಆ ರುಮಾಲನ್ನೇ ನೋಡಿದಳು. ಬಸ್ಸು ಕೆಟ್ಟು ನಿಲ್ಲಲಿ ಎಂದು ನಾನು ಕಾಣದ ದೇವರಿಗೆಲ್ಲ ಹರಕೆ ಹೊತ್ತೆ. ಹಾಳು ಬಸ್ಸು ಅವತ್ತೊಂದು ದಿನ ವೇಳೆಗೆ ಸರಿಯಾಗಿ ಕೊಲ್ಹಾಪುರ ಮುಟ್ಟಿತು.

ಪಿಚ್ಚರ ತೋರಿಸುವ ಕೋಣೆ ಸಣ್ಣದು, ಕಿಟಕಿಗೆ ಕರಿ ಪರದೆ. ಮುಂದಿನ ಸಾಲಿನಲ್ಲಿ ಮುಂಬಯಿಯ ಆ ಸಂಸ್ಥೆಯಿಂದ ಬಂದ ಬಾಯಿ, ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಹಿರಿಯರೆಲ್ಲ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಾವು ಗೋಡೆಗೆ ಒರಗಿ ನೆಲದ ಮೇಲೆ. ದೀಪ ಆರಿದಾಗ ಯಮುನವ್ವ ನನ್ನ ಮುಂಗೈ ಹಿಡಿದಳು. ಆ ಉಗುರಿನ ಗುರುತು ಎಷ್ಟೋ ದಿನ ಇತ್ತು.

ಕಪ್ಪು ಬಿಳುಪಿನ ಪಿಚ್ಚರ. ಮದುವೆ ಬಂತು, ಸಂತೆ ಬಂತು, ಕುದುರೆಯ ಮೇಲೆ ಸಿಪಾಯಿಗಳು ಬಂದರು. ಕುರುಬ ಸತ್ತ. ಆಮೇಲೆ ಪರದೆಯ ತುಂಬ ಯಮುನವ್ವನ ಮುಖ. ನಮ್ಮ ಪಕ್ಕ ಕೂತ ಅದೇ ಮುಖ ಅಷ್ಟು ದೊಡ್ಡದಾಗಿ ಅಲ್ಲಿ! ಧೋಂಡಿಬಾನ ರುಮಾಲು ಅಲುಗಿತು. ಮುದುಕಿಯರು ಕೈ ಎಳೆದರು, ಕಲ್ಲಿಗೆ ಬಡಿದರು, ಬಳೆಯ ಚೂರು ಹಾರಿದವು. ಅವಳು ಕಿರುಚುತ್ತ ಕೈ ಮೇಲೆತ್ತಿದಾಗ ಕುಪ್ಪಸದ ತೋಳು ಸರಿಯಿತು. ಕರಿ ದಾರ, ದಾರದಲ್ಲಿ ಕೊಂಬು, ಎಲ್ಲರ ಎದುರಿಗೆ ನಿಚ್ಚಳವಾಗಿ ಕಂಡಿತು.

"ಸತ್ತೆ ಅಕ್ಕಾ" ಎಂದಳು ಯಮುನವ್ವ, ಉಸಿರಿನಲ್ಲಿ.

ದೀಪ ಹತ್ತಿತು. ಬಾಯಿ ಒಬ್ಬೊಬ್ಬರನ್ನೇ ಕೇಳತೊಡಗಿದಳು. ಒಬ್ಬ ಜೈನ ಹಿರಿಯರು, ನಮ್ಮವರೆಂದರೆ ತಕ್ಕಡಿ ಹಿಡಿದು ಕೂತವರು ಅಷ್ಟೇ ಏನು, ನಮ್ಮಲ್ಲಿ ಒಕ್ಕಲುತನ ಮಾಡುವವರಿಲ್ಲವೇ ಎಂದು ರೇಗಿದರು. ನಮ್ಮ ಲಿಂಗವಂತರ ಪೈಕಿ ಬಂದಿದ್ದ ಬಸಗೊಂಡ ಗೌಡರು, ಪಿಚ್ಚರಿನಲ್ಲಿ ನಾವು ಬರೀ ಹಿಂದೆ ನಿಂತು ನೋಡುತ್ತೇವೆ, ಒಂದು ಮಾತಾದರೂ ಬೇಡವೇ ಎಂದರು. ಅಷ್ಟು ಜನ ಕನ್ನಡ ಮಾತಾಡುವವರಿದ್ದೂ ಪಿಚ್ಚರಿನಲ್ಲಿ ಕನ್ನಡದ ಒಂದು ಶಬ್ದವಿಲ್ಲ ಎಂದು ಇನ್ನೊಬ್ಬರು. ಎಲ್ಲ ಸರಿಯಾದ ಮಾತೇ. ಬೇರೆ ದಿನವಾಗಿದ್ದರೆ ನಾನೇ ಎದ್ದು ಇನ್ನೂ ನಾಲ್ಕು ಸೇರಿಸುತ್ತಿದ್ದೆ. ಅವತ್ತು ನನ್ನ ಕಣ್ಣು ರುಮಾಲಿನ ಮೇಲಿತ್ತು.

ಬಾಯಿ ಧೋಂಡಿಬಾನ ಕಡೆ ತಿರುಗಿದಳು. ಮರಾಠಿಯಲ್ಲಿ ನಿಧಾನವಾಗಿ ಕೇಳಿದಳು: ಬಳೆ ಒಡೆಯುವಾಗ ಆ ಹೆಂಗಸಿನ ತೋಳಿನಲ್ಲಿ ಅರಿಷಿಣ ಕೊಂಬು ಇತ್ತು. ನಾನು ತಿಳಿದ ಮಟ್ಟಿಗೆ ಗಂಡ ಸತ್ತವಳು ಅದನ್ನು ಕಟ್ಟುವುದಿಲ್ಲ. ಇದು ಪಿಚ್ಚರಿನವರ ತಪ್ಪೇ, ನಿಮ್ಮಲ್ಲಿ ಹಾಗೆ ಇದೆಯೇ? ತಪ್ಪಾಗಿದ್ದರೆ ಆ ದೃಶ್ಯ ತೆಗೆಯುತ್ತೇವೆ. ಯಾರು ಕಟ್ಟಿದರು, ಯಾಕೆ ಕಟ್ಟಿದರು ಎಂದು ಆ ಹೆಂಗಸನ್ನೂ ಕೇಳಬೇಕಾಗುತ್ತದೆ.

ದಾದಾಸಾಹೇಬನ ಮುಖ ಕೆಂಪಾಗಿತ್ತು. ಅವನು ಹಿಂದೆ ತಿರುಗಿ ಗೋಡೆಯ ಬಳಿ ಕೂತ ನಮ್ಮನ್ನು ನೋಡಿದ. ಯಮುನವ್ವ ಸೆರಗು ಪೂರಾ ಕೆಳಗೆ ಎಳೆದುಕೊಂಡಿದ್ದಳು.

ಧೋಂಡಿಬಾ ಎದ್ದು ನಿಂತ. ಒಂದು ಸಲ ಪರದೆಯ ಕಡೆ ನೋಡಿದ, ಅದೀಗ ಬರೀ ಬಿಳಿ ಬಟ್ಟೆ. ಆಮೇಲೆ ಹಿಂದಿರುಗಿ ನೋಡದೆಯೇ ಹೇಳಿದ:

"ಆಹೇ ಬಾಯಿ. ಆಮಚ್ಯಾತ ಅಸಂಚ ಆಹೇ."

ಇದೆ, ನಮ್ಮಲ್ಲಿ ಹೀಗೆಯೇ ಇದೆ ಎಂದ! ಜನ್ಮದಲ್ಲಿ ಸುಳ್ಳು ಹೇಳದ ಮುದುಕ, ಸುಳ್ಳು ಹೇಳಿದವರಿಗೆ ಊರ ಮುಂದೆ ದಂಡ ಹಾಕುವ ಮುದುಕ!

"ಯಾಕೆ ಹಾಗೆ?" ಎಂದಳು ಬಾಯಿ, ಕುತೂಹಲದಿಂದ.

ಅವನ ಮರಾಠಿ ಅಲ್ಲಿಗೆ ಮುಗಿದಿತ್ತು. ಕನ್ನಡಕ್ಕೆ ಬಿದ್ದ. ಬಸಗೊಂಡ ಗೌಡರು ಒಂದೊಂದೇ ಮಾತು ಬಾಯಿಗೆ ತಿಳಿಸಿದರು. "ಕುರುಬ ಕುರಿ ಹಿಂದ ದೂರ ಹೋಗತಾನ. ಸತ್ತ ಅನ್ನೂ ಸುದ್ದಿ ಮೊದಲ ಬರತೈತಿ. ಒಮ್ಮೊಮ್ಮಿ ಆ ಸುದ್ದಿ ಸುಳ್ಳ ಇರತೈತಿ, ಹಿಂದಿಂದ ಅಂವಾ ನಡಕೋತ ಬರತಾನ. ಮಂದಿ ಬಳಿ ಒಡಿಲಿ, ಕುಂಕುಮ ಅಳಸಲಿ. ಕೊಂಬ ಮಾತ್ರ ನಮ್ಮ ಹೆಣ್ಣಮಕ್ಕಳ ಬಿಚ್ಚಂಗಿಲ್ಲ."

ಬಾಯಿಗೆ ಬಹಳ ಹಿಡಿಸಿತು. ಇಡೀ ಪಿಚ್ಚರಿನಲ್ಲಿ ಇದೊಂದೇ ನಿಜವಾದದ್ದು ಎಂದುಬಿಟ್ಟಳು. ದೃಶ್ಯ ಉಳಿಯಿತು. ದಾದಾಸಾಹೇಬ ಎಲ್ಲ ತನ್ನದೇ ಜಾಣತನ ಎನ್ನುವಂತೆ ಮೀಸೆ ಸವರಿಕೊಂಡ. ಎದ್ದು ಕಪಾಳಕ್ಕೆ ಬಾರಿಸಬೇಕೆಂದು ನನ್ನ ಕೈ ತುರಿಸಿತು.

ಹೆದರಿಕೆ ಅಲ್ಲಿಗೆ ಮುಗಿಯಿತು ಅಂದುಕೊಂಡಿರಾ? ಅಲ್ಲಿಂದಲೇ ಹೆಚ್ಚಾಯಿತು. ಮುದುಕ ದಾರಿಯಲ್ಲಿ ಒಂದು ಮಾತಾಡಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಇಚಲಕರಂಜಿಯಲ್ಲಿ ಇಳಿದು ಗಲ್ಲಿಯ ಮೂಲೆಗೆ ಬಂದಾಗ ಯಮುನವ್ವ ಅವನ ಕಾಲಿಗೆ ಬಿದ್ದಳು.

"ಮಾವಾರ, ತಪ್ಪಾತ್ರಿ."

ಅವನು ಕಾಲು ಹಿಂದಕ್ಕೆ ತೆಗೆದುಕೊಂಡ. "ಕೊಂಬ ಕಟ್ಟಿದಾಕಿ ಯಾರು?"

"ನಾ ಕಾಕಾ" ಎಂದೆ ನಾನು. ಎರಡು ಹೆಜ್ಜೆ ಹಿಂದೆ ಸರಿದೆ, ಯಾಕೆ ಸುಳ್ಳು ಹೇಳಲಿ.

"ಚಲೋ ಮಾಡಿದಿ" ಎಂದು ಮುದುಕ ಮನೆಯ ಕಡೆ ನಡೆದ. ಆಮೇಲೆ ನಿಂತು, ಬೆನ್ನು ನಮ್ಮ ಕಡೆಗೇ ಇಟ್ಟುಕೊಂಡು ಹೇಳಿದ: "ಅಂವ ಬರೂ ತನಕ ಬಿಚ್ಚಬ್ಯಾಡ ಅಂತ ಹೇಳ ಆಕಿಗೆ." ಆಗ ನನಗೆ ಗೊತ್ತಾಯಿತು. ಗಡಹಿಂಗ್ಲಜದ ಬೇನೆಯ ಸುದ್ದಿ ಅವನ ಕಿವಿಗೂ ಬಿದ್ದಿತ್ತು. ಪರದೆಯ ಮೇಲೆ ಬಳೆ ಒಡೆದಾಗ ಅವನ ಜೀವವೂ ನಮ್ಮಷ್ಟೇ ಹಾರಿತ್ತು. ಆ ಕೊಂಬು ಕಂಡದ್ದೇ ಅವನಿಗೆ ನಿಲ್ಲಲು ನೆಲ ಸಿಕ್ಕಿತ್ತು.

ಮಳೆಗೆ ಮುಂಚೆ ಮಲ್ಲಾರಿ ಬಂದ. ಜ್ವರದಲ್ಲಿ ಬಿದ್ದವರಲ್ಲಿ ಅವನೂ ಒಬ್ಬನಾಗಿದ್ದ, ಅರ್ಧ ಆಗಿದ್ದ, ಆದರೂ ನಗು ಅದೇ. ಯಮುನವ್ವ ಬಾಗಿಲಲ್ಲಿ ನಿಂತು ಅವನನ್ನು ಮುಟ್ಟಿ ಮುಟ್ಟಿ ನೋಡಿದಳಂತೆ, ಆಮೇಲೆಯೇ ಕೊಂಬು ಬಿಚ್ಚಿದಳಂತೆ. ಪಿಚ್ಚರಿನ ವಿಷಯ ಹೇಳಿದಾಗ ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಆ ವರ್ಷವೇ ನಮ್ಮ ಶಾಲೆಯ ಬಯಲಿನಲ್ಲಿ ಬಿಳಿ ಬಟ್ಟೆ ಕಟ್ಟಿ ತೋರಿಸಿದರು, ಗಡಹಿಂಗ್ಲಜದಲ್ಲೂ ತೋರಿಸಿದರು. ಮಲ್ಲಾರಿ ಎಲ್ಲರ ಮುಂದೆ, "ನೋಡ್ರಿ, ನನ್ನ ಸಾಯಿಸಿ ಹೆಂಗ ಅಳಾಕತ್ತಾಳ" ಎಂದು ಕೂಗಿ ಹೆಂಡತಿಯನ್ನು ನಾಚಿಸಿದ. ಬೇರೆ ಊರಿನ ಕುರುಬರು ಮಾತ್ರ ಧೋಂಡಿಬಾನನ್ನು ಕೇಳಿದರು, ಇದು ಯಾವ ಪದ್ಧತಿ ಮಾರಾಯ ಎಂದು. "ಹಳೀದೈತಿ. ನೀವು ಮರ್ತೀರಿ" ಎಂದ ಅವನು. ಹೇಳಿದ ಸುಳ್ಳಿಗೆ ಅವನಷ್ಟು ಗಟ್ಟಿಯಾಗಿ ನಿಂತವರನ್ನು ನಾನು ಕಂಡಿಲ್ಲ.

ಎಷ್ಟೋ ಮಳೆಗಾಲ ಹಾಗೇ ಹೋದವು. ಪ್ರತಿ ದೀಪಾವಳಿಗೆ ಅವನು ಹೋಗುವನು, ಇವಳು ಹೆದರುವಳು, ಅವನು ಬರುವನು. ಎಂಬತ್ತಾರರಲ್ಲಿ ಅವನು ಬರಲಿಲ್ಲ. ಗಡಹಿಂಗ್ಲಜದ ರಸ್ತೆಯಲ್ಲಿ ಕುರಿ ದಾಟಿಸುವಾಗ ಲಾರಿ ಹಾಯಿತು. ಈ ಸಲ ಸುದ್ದಿಯ ಹಿಂದೆ ಅವನು ನಡೆದು ಬರಲಿಲ್ಲ, ಟೆಂಪೋದಲ್ಲಿ ಕಂಬಳಿ ಮುಚ್ಚಿ ತಂದರು.

ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಹೆಂಗಸರು ಸೇರಿದರು. ಧೋಂಡಿಬಾನ ಅಕ್ಕ ಹಾಲವ್ವ ದಾನೋಳಿಯಿಂದ ಬಂದಿದ್ದಳು. ಇಂಥ ಕೆಲಸಕ್ಕೆಲ್ಲ ಅವಳೇ ಮುಂದೆ. ಯಮುನವ್ವನನ್ನು ನಡುವೆ ಕೂರಿಸಿದರು. ಕಲ್ಲು ತಂದಿಟ್ಟರು. ಪಿಚ್ಚರಿನಲ್ಲಿ ಇದ್ದಂತೆಯೇ ಎಲ್ಲ ಇತ್ತು. ಹಾಲವ್ವ ಕೈ ಹಿಡಿದದ್ದೇ ತಡ ಯಮುನವ್ವ ಕಿರುಚಿದಳು:

"ನಾನ ಕೊಂದೇನಿ ಅವ್ರನ್ನ! ಅವತ್ತ ಪಿಚ್ಚರದಾಗ ಕೈ ಮುಂದ ಮಾಡಿದೆ, ಬಳಿ ಒಡದ್ವು. ಇಷ್ಟ ವರ್ಷ ಕಾದಕೊಂಡ ಕುಂತಿತ್ತದು. ನಾನ ಕೊಂದೇನಿ!"

ಹಾಲವ್ವ ಹಿಡಿದ ಕೈ ಬಿಟ್ಟಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು, ಒಬ್ಬಿಬ್ಬರು ಹಿಂದೆ ಸರಿದರು. ಆ ನೋಟ ನನಗೆ ಗೊತ್ತು. ಒಂದು ಸಲ ಆ ಮಾತು ಅಂಗಳ ದಾಟಿತೆಂದರೆ ಮುಗಿಯಿತು, ಗಂಡನನ್ನು ತಿಂದವಳು ಎಂದು ಸಾಯುವವರೆಗೂ ಅನ್ನುತ್ತಾರೆ. ನನ್ನ ಬಾಯಿ ಅವತ್ತೊಂದೇ ದಿನ ಒಣಗಿಹೋಗಿತ್ತು.

ಕಟ್ಟೆಯ ಮೇಲೆ ಕೂತಿದ್ದ ಧೋಂಡಿಬಾ ಎದ್ದ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ ಮನೆದೇವರು ಬೀರಪ್ಪನ ಗೂಡಿನಿಂದ ಅರಿಷಿಣ ಕೊಂಬು ತಂದ. ಇನ್ನೊಂದು ಕೈಯಲ್ಲಿ ತಾನೇ ನೂತ ಕರಿ ದಾರ. ಮಾವ ಸೊಸೆಯ ಕೈ ಮುಟ್ಟುವಂತಿಲ್ಲ. ನನ್ನ ಮುಂದೆ ಹಿಡಿದ.

"ಕಟ್ಟ, ಬಾಳಕ್ಕ."

"ತಮ್ಮಾ, ತಲಿ ಕೆಟ್ಟೈತೇನ ನಿಂದು?" ಹಾಲವ್ವ ಎದ್ದು ನಿಂತಳು. "ಕೊಂಬ ಮುತ್ತೈದಿದು. ಗಂಡ ಸತ್ತಾಕಿಗೆ ಯಾವಾಗ ಇತ್ತು ಇದು ನಮ್ಮಾಗ?"

"ಕೊಲ್ಹಾಪುರದಾಗ ಎಲ್ಲಾ ಸಮಾಜದವರ ಮುಂದ ನಿಂತ ಹೇಳೀನಿ, ಐತಿ ಅಂತ. ಊರೂರಾಗ ಮಂದಿ ಪಿಚ್ಚರದಾಗ ನೋಡ್ಯಾರ. ಈಗ ಇಲ್ಲ ಅಂದರ ನಾ ಸುಳ್ಳ ಆಗತೇನಿ. ನನ್ನ ಸುಳ್ಳ ಮಾಡತೀಯೇನ ಅಕ್ಕಾ?"

ಹಾಲವ್ವ ಕಲ್ಲಿನ ಪಕ್ಕ ತಿರುಗಿ ಕೂತಳು. ಮುದುಕ ಎಲ್ಲರ ಕಡೆ ತಿರುಗಿದ.

"ಎಲ್ಲಾರೂ ಕೇಳ್ರಿ. ಅವತ್ತ ನನ್ನ ಮಗಾ ಜ್ವರದಾಗ ಬಿದ್ದಿದ್ದ. ಉಳಿಯಾಂವ ಅಲ್ಲ ಅಂದಿದ್ದರು, ಆ ಸುದ್ದಿ ನನಗ ಬಂದಿತ್ತು, ಯಾರ ಮುಂದನೂ ಹೇಳಿರಲಿಲ್ಲ. ಈಕಿ ಕಳ್ಳಿಯಂಗ ಕುಪ್ಪಸದಾಗ ಕೊಂಬ ಕಟಗೊಂಡಿದ್ದಳು. ಆ ಕೊಂಬಿನ ಮ್ಯಾಲ ಅಂವ ಇಷ್ಟ ಮಳಿಗಾಲ ಮನಿಗೆ ಬಂದ. ಈಕಿ ಕೊಂದಿಲ್ಲ. ಇಲ್ಲೀತನಕ ಉಳಿಸಿಕೊಂಡ ಬಂದಾಕಿ ಈಕಿನ." ಆಮೇಲೆ ಯಮುನವ್ವನ ಕಡೆ ನೋಡದೆ, ನೆಲ ನೋಡುತ್ತ ಮೆಲ್ಲಗೆ ಅಂದ: "ಬಳಿ ಹೋಗಲಿ ಯವ್ವಾ. ಕೊಂಬ ಇರಲಿ."

ನಾನು ಕಟ್ಟಿದೆ. ಎಡತೋಳಿಗೆ, ಅವತ್ತು ಕಟ್ಟಿದ ಜಾಗದಲ್ಲೇ. ಯಾರೂ ತಡೆಯಲಿಲ್ಲ. ಯಮುನವ್ವ ಆಮೇಲೆ ಬಾಯಿ ಬಿಟ್ಟು ಅತ್ತಳು.

ಧೋಂಡಿಬಾ ಮುಂದಿನ ಚಳಿಗಾಲ ಕಳೆಯಲಿಲ್ಲ. ಅವನು ಹೋಗಿ ಸ್ವಲ್ಪ ದಿನಕ್ಕೆ ಹಾಲವ್ವ ನಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತಳು. ದಾನೋಳಿಯಲ್ಲಿ ಗುಂಡು ಎಂಬ ಅವಳ ಮಗ ಬಾವಿ ಕೆಲಸದಲ್ಲಿ ಮಣ್ಣು ಕುಸಿದು ಸತ್ತಿದ್ದ, ಮನೆಯಲ್ಲಿ ಎಳೆ ಸೊಸೆ. ನಾವು ಎದ್ದು ಹೊರಗೆ ಬಂದೆವು. ಅಷ್ಟು ಜೋರಿನ ಮುದುಕಿ, ನಮ್ಮ ಮುಖ ನೋಡಲಾರದೆ ಬಾಗಿಲ ಚೌಕಟ್ಟು ನೋಡುತ್ತ ಕೇಳಿದಳು.

"ಆ ಹುಡುಗಿ ಅಂಜಿ ಅರ್ಧ ಆಗ್ಯಾಳ. ಊರ ಮಂದಿ ಏನೇನೋ ಅನ್ನಾಕತ್ತಾರ. ನಿಮ್ಮ ಆ ಕೊಂಬ... ಯಾವ ತೋಳಿಗಿ ಕಟ್ಟತಾರ?"

ನಾನು ಬಾಯಿ ತೆರೆಯುವುದರೊಳಗೆ ಯಮುನವ್ವ ಹೇಳಿದಳು.

"ಎಡಕ್ಕ, ಅತ್ತಿ. ನಡೀರಿ, ನಾನ ಬಂದ ಕಟ್ಟತೇನಿ."